ಪ್ಲಗ್ಗಿಗೆ ಸಿಕ್ಕಿಸಿದ ಸೂರ್ಯ

ಮೊಬೈಲ್ ಚಾರ್ಜರ್ ಸಿಕ್ಕಿಸಲು ಬರುವವನಿಗೆ ಸೋಲಾರ್ ಪ್ಯಾನಲ್ ಸಿಕ್ಕಿಸಲು ಬಾರದೇ? ಆನ್‌ಲೈನಿನಲ್ಲಿ ಒಂದನ್ನು ತರಿಸಿ, ಸಿಂಗಾಪುರ ಬಡಾವಣೆಯ ನಮ್ಮ ಬಾಡಿಗೆ ಮನೆಯ ಬಾಲ್ಕನಿಗೆ ಕಟ್ಟಿ, ವೈರನ್ನು ರೂಮಿನ ಪ್ಲಗ್ಗಿಗೆ ಸಿಕ್ಕಿಸಿಯೇಬಿಟ್ಟೆ. ಕುಂಕುಮ ಇಟ್ಟು, ಹೂವು ಮುಡಿಸಿ, ನಿಂಬೆಹಣ್ಣನ್ನೂ ಕಟ್ಟಿದೆ.

ಆ ಶನಿವಾರ ನನ್ನ ಹೆಂಡತಿ ಸುಮಾಳ ತಮ್ಮ ಕೆಂಪರಾಜ, ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯೊಂದಿಗೆ ಬಾಗಲೂರಿನಿಂದ ಊಟಕ್ಕೆ ಬರುವವನಿದ್ದ. ಅವನು ವಿದ್ಯುತ್ ಕಚೇರಿಯಲ್ಲಿ ಇಂಜಿನಿಯರ್. ಅವನನ್ನು ಕೇಳುವುದೇನು, ಅವನಿಗೇ ತೋರಿಸಿ ಬೆರಗುಗೊಳಿಸಬೇಕು! ಅದೇ ಶನಿವಾರ ಇಡೀ ಬಡಾವಣೆಗೆ ಕರೆಂಟ್ ಇರುವುದಿಲ್ಲವೆಂದು ಮೊದಲೇ ಮೆಸೇಜ್ ಬಂತು.

"ಹಿಂದಿನ ದಿನಾನೇ ಮಸಾಲೆ ರುಬ್ಬಿಟ್ಬಿಡ್ತೀನಿ ಕಣ್ರೀ. ಹೊಸ ಹುಡುಗಿ ಮುಂದೆ ಮರ್ಯಾದೆ ಹೋಗ್ಬಾರ್ದು," ಎಂದಳು ಸುಮಾ.

"ಏನೂ ಬೇಡ! ಸೂರ್ಯ ಏನು ರಜಾ ಹಾಕ್ತಾನಾ? ನಮ್ಮನೇಲಿ ಮಿಕ್ಸಿ ತಿರುಗುತ್ತೆ!"

ನಂಬಿದಳು, ಪಾಪ!

ಶನಿವಾರ ಕರೆಂಟ್ ಹೋಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಹಿದುಕಿದ ಅವರೆಬೇಳೆ ಒಲೆಯ ಮೇಲೆ ಮಸಾಲೆಗೆ ಕಾಯುತ್ತಿತ್ತು. ನಾನು ಗಂಭೀರವಾಗಿ ಮಿಕ್ಸಿಯ ಸ್ವಿಚ್ ಒತ್ತಿದೆ. ಮಿಕ್ಸಿ ಮೌನವ್ರತ ಹಿಡಿದಿತ್ತು! ಪ್ಯಾನಲ್ ಒರೆಸಿದೆ. ಹೂವು ತೆಗೆದೆ. ಕೊನೆಗೆ ನಿಂಬೆಹಣ್ಣನ್ನೂ ಬಿಚ್ಚಿದೆ. ಊಹೂಂ!

ಅಷ್ಟರಲ್ಲಿ ನೆಂಟರು ಬಂದರು. ಕೆಂಪರಾಜನನ್ನು ನಾನೇ ಕೈಹಿಡಿದು ಬಾಲ್ಕನಿಗೆ ಕರೆದೊಯ್ದೆ. ಕದ್ದ ಮಾಲನ್ನು ತಾನೇ ಠಾಣೆಗೆ ಹೊತ್ತೊಯ್ದವನು ಬಹುಶಃ ನಾನೊಬ್ಬನೇ!

"ಬಾವ, ಅನುಮತಿ ತಗೊಂಡ್ರಾ?"

"ಪ್ಲಗ್ ಸಿಕ್ಕಿಸೋಕೂ ಅನುಮತೀನಾ?"

"ಇಂಗೆಲ್ಲ ಮಾಡಂಗಿಲ್ಲ ಬಾವ! ಅರ್ಜಿ ಹಾಕ್ಬೇಕು, ಮೀಟರ್ ಬದಲಾಯಿಸ್ಬೇಕು, ನಾವು ಬಂದು ನೋಡ್ಬೇಕು. ಇಲ್ದಿದ್ರೆ ನಿಮ್ ಮನೆ ಲೈನೇ ಕಟ್ ಮಾಡ್ಬೋದು."

"ಅದಿರ್ಲಿ ಗುರು, ಇದ್ಯಾಕೆ ಓಡ್ತಿಲ್ಲ?"

"ಓಡ್ಬಾರ್ದು! ಬೀದೀಲಿ ಕರೆಂಟ್ ಓದ್ರೆ ಇದೂ ತಾನಾಗೇ ನಿಲ್ತದೆ. ಇಲ್ಲಾಂದ್ರೆ ಇದರ ಕರೆಂಟ್ ಲೈನಿಗೆ ನುಗ್ತದೆ, ಆಗ ಕಂಬದ ಮೇಲೆ ಕೆಲ್ಸ ಮಾಡೋನ್ ಗತಿ ಏನು?"

ನನಗೆ ನಿಜಕ್ಕೂ ಭಯವಾಯಿತು. ತೆಪ್ಪಗೆ ಪ್ಲಗ್ ಕಿತ್ತೆ. ಅಡುಗೆಮನೆಯಿಂದ ಸುಮಾ, "ರೀ, ಮಸಾಲೆ?" ಎಂದಳು. ಇದು ಅದಕ್ಕಿಂತ ದೊಡ್ಡ ಭಯ!

ಕೆಳಗಡೆ ಓನರಮ್ಮನ ಅಂಗಳದಲ್ಲಿ ಒರಳುಕಲ್ಲಿತ್ತು. ಹೊಸ ಹುಡುಗಿ ನಗು ತಡೆದುಕೊಂಡು ತೆಂಗಿನಕಾಯಿ ತುರಿ ಹಾಕಿದಳು. ನಾನು ಬೆವರು ಸುರಿಸುತ್ತಾ ಗುಂಡು ತಿರುಗಿಸಿದೆ. ಓನರಮ್ಮ ಕುರ್ಚಿ ಹಾಕಿಸಿಕೊಂಡು ನೋಡಲು ಕೂತರು.

"ಇದಕ್ಕೂ ಅನುಮತಿ ಬೇಕೇನಪ್ಪಾ?" ಎಂದು ಕೆಂಪರಾಜನನ್ನು ಕೇಳಿದೆ.

ಉತ್ತರ ಕೊಟ್ಟವಳು ಸುಮಾ. "ಶುರು ಮಾಡೋಕೆ ಬೇಡ. ನಿಲ್ಸೋಕೆ ನನ್ ಅನುಮತಿ ಬೇಕು!"

ನಾನು ತಿರುಗಿಸುತ್ತಲೇ ಇದ್ದೆ.