‘ಎಸ್ ಮಿಸ್’ ಎಂಬ ಪ್ರಗತಿಯ ಕುರಿತು

ಶಾಲಾ ವೋಚರ್ ಯೋಜನೆಯ ಮಾನ್ಯ ಅಧಿಕಾರಿಗಳ ಸನ್ನಿಧಾನಕ್ಕೆ, ಕ್ಯಾಲನೂರಿನ ಡೈರಿಯಲ್ಲಿ ಹಾಲು ಅಳೆಯುವ ಭಾರತಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ತಾವೂ, ತಮ್ಮ ಮೇಜಿನ ಮೊಹರೂ ಕ್ಷೇಮವೆಂದು ನಂಬಿದ್ದೇನೆ.

ಮಾನ್ಯರೇ, ನನ್ನ ಮಗಳು ಶ್ರೀವಾಣಿ ಮೂರನೇ ತರಗತಿಯವರೆಗೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ ಹೇಳಿದ್ದು ತಲೆಗೆ ಹೋಗದಿದ್ದರೆ ತೆಲುಗಿನಲ್ಲಿ ಹೇಳಿಕೊಡುತ್ತಿದ್ದ ಆವಲಪ್ಪ ಮೇಷ್ಟರ ಬಳಿ ಓದುತ್ತಿದ್ದಳು. ಒಂದು ಪ್ರಶ್ನೆಗೆ ಉತ್ತರ ಹೇಳಿ ಮೇಷ್ಟರಿಗೇ ನಾಲ್ಕು ಪ್ರಶ್ನೆ ಹಾಕುವಷ್ಟು ಹಿಂದುಳಿದಿದ್ದ ಆ ಮಗುವನ್ನು ಕಂಡು ಮರುಗಿದ ತಾವು, ಖಾಸಗಿ ಶಾಲೆಯ ಶುಲ್ಕಕ್ಕೆಂದು ವೋಚರ್ ದಯಪಾಲಿಸಿ, ಹಳದಿ ವ್ಯಾನು ಹತ್ತಿಸಿ, ಕೋಲಾರದ ಖಾಸಗಿ ಶಾಲೆಗೆ ಸೇರಿಸಿದಿರಿ. ಅರ್ಜಿಗೆ ಸಹಿ ಹಾಕಿದವಳು ನಾನೇ. ಟೈ, ಬೂಟು ನೋಡಿ ಮರುಳಾದವಳೂ ನಾನೇ.

ಅಲ್ಲಿ ಕನ್ನಡ, ತೆಲುಗು ಎರಡಕ್ಕೂ ಪ್ರವೇಶವಿಲ್ಲವಾದ್ದರಿಂದ ಅವಳು ಆರೇ ತಿಂಗಳಲ್ಲಿ ಪ್ರಶ್ನೆ ಕೇಳುವ ಕೆಟ್ಟ ಚಾಳಿ ಬಿಟ್ಟು, ಎಲ್ಲದಕ್ಕೂ ‘ಎಸ್ ಮಿಸ್’ ಎನ್ನುವಷ್ಟು ಮುಂದುವರಿದಿದ್ದಾಳೆ. ಬರುತ್ತಿದ್ದ ಭಾಗಾಕಾರ ಮರೆತಿದ್ದಾಳೆ. ಮೊನ್ನೆ “ಜ್ವರ ಬಂದೈತೇನೇ?” ಎಂದು ಹಣೆ ಮುಟ್ಟಿದರೆ ನನಗೂ ‘ಎಸ್ ಮಿಸ್’ ಎಂದಳು. ಆಮೇಲೆ ಮಡಿಲಲ್ಲಿ ಮುಖವಿಟ್ಟು, “ಅಮ್ಮಾ, ಅಲ್ಲಿ ನಂಗೇನೂ ಅರ್ಥ ಆಗಲ್ಲ, ಆವಲಪ್ಪ ಮೇಷ್ಟ್ರ ಹತ್ರಾನೇ ಹೋಗ್ತೀನಿ” ಎಂದಳು.

ತಮ್ಮ ಒಪ್ಪಿಗೆ ಪತ್ರವಿಲ್ಲದೆ ಟಿ.ಸಿ. ಕೊಡುವುದಿಲ್ಲವೆಂದು ಶಾಲೆಯವರು ಹೇಳುತ್ತಾರೆ. ಸಮೀಕ್ಷೆಯಲ್ಲಿ ‘ಅತ್ಯುತ್ತಮ ಪ್ರಗತಿ’ ಎಂದು ಬಂದ ಮಗುವನ್ನು ಬಿಡಲಾಗದೆಂದು ತಾವು ಹೇಳುತ್ತೀರಿ. ಹಾಗಿದ್ದಲ್ಲಿ, ಎಂಬತ್ತನ್ನು ಐದರಿಂದ ಭಾಗಿಸಿದರೆ ‘ಎಸ್ ಮಿಸ್’ ಎಂದೇ ಬರುವಂತೆ ಗಣಿತವನ್ನು ತಿದ್ದಿಸಿ, ಮುಂದೆ ಎಸ್ಸೆಸ್ಸೆಲ್ಸಿಯ ಎಲ್ಲ ಪ್ರಶ್ನೆಗಳಿಗೂ ಅದೊಂದೇ ಉತ್ತರ ಸಾಕೆಂದು ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ. ಅದು ಕಷ್ಟವಾದರೆ ಒಪ್ಪಿಗೆ ಪತ್ರಕ್ಕೆ ಒಂದು ಸಹಿ ಹಾಕಿಕೊಡಿ.

ಅಳಿದುಳಿದ ವಿಶ್ವಾಸದ ಮಟ್ಟಿಗೆ,
ತಮ್ಮ ವಿಶ್ವಾಸಿ,
ಭಾರತಮ್ಮ

ವಿ.ಸೂ.: ಟ್ಯಾಬ್ ಹಿಡಿದು ಸಮೀಕ್ಷೆಗೆ ಬಂದಿದ್ದ ತಮ್ಮ ಕಚೇರಿಯ ರಂಜಿತ ಮೇಡಂ, ಮಗುವನ್ನು ಇಂಗ್ಲಿಷಿನಲ್ಲಿ ಕೇಳಿ, ಕೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಪಾಠ ಅರ್ಥವಾಗುತ್ತದೆಯೇ ಎಂದಾಗ ‘ಎಸ್ ಮಿಸ್’ ಎಂದಳು, ಬರೆದುಕೊಂಡರು. ಈ ಶಾಲೆ ಇಷ್ಟವೇ ಎಂದಾಗಲೂ ‘ಎಸ್ ಮಿಸ್’ ಎಂದಳು, ಬರೆದುಕೊಂಡರು. ಹಳೆಯ ಶಾಲೆಗೇ ವಾಪಸು ಹೋಗುತ್ತೀಯಾ ಎಂದಾಗಲೂ ‘ಎಸ್ ಮಿಸ್’ ಎಂದಳು. “ಪಾಪ, ಮಗೂಗೆ ಪ್ರಶ್ನೆ ಅರ್ಥ ಆಗಿಲ್ಲ” ಎಂದು ಮೇಡಂ ಅದೊಂದನ್ನು ಅಳಿಸಿದರು.