ನಿಧಾನ ಐತಿ, ಜಾಗಾ ಭಾಳ ಹಿಡದೈತಿ

ಅರ್ಧ ಮಾತು ಕೇಳಿ ಪೂರ್ತಿ ಸಂಶಯ ಪಡುವುದು ನನ್ನ ಹಳೆಯ ಚಾಳಿ. ತಪ್ಪು ನನ್ನದೊಂದೇ ಅಲ್ಲ. ಕೈಯಲ್ಲಿ ಚಹಾದ ಟ್ರೇ ಹಿಡಿದವನಿಗೆ ಬಾಗಿಲಲ್ಲಿ ನಿಂತು ಮಾತು ಮುಗಿಯುವವರೆಗೆ ಕೇಳಲು ಆಗುತ್ತದೆಯೇ? ಚಹಾ ಆರುತ್ತದೆ.

ನಾನಿರುವುದು ಗೋವಾದ ಚಿಂಬಲ್‌ನಲ್ಲಿ. ಪರ್ವರಿಯ ಒಂದು ಸಣ್ಣ ಆಫೀಸಿನ ಬೀಗ ತೆಗೆದು, ಕಸ ಹೊಡೆದು, ಚಹಾ ಮಾಡಿಕೊಡುವುದು ನನ್ನ ಕೆಲಸ. ಅಲ್ಲಿಯ ಸಾಹೇಬರು ಧಾರವಾಡದ ಕಡೆಯವರು, ಮೇಡಂ ಗದಗಿನವರು. ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ಬೆರಳಿನ ಉಗುರಿಗಿಂತ ಸಣ್ಣ ಚಿಪ್‌ಗೆ ನಕ್ಷೆ ತೆಗೆಯುತ್ತಾರೆ. ಈ ಕೆಲಸ ಹೋದರೆ ನಾನು ಮತ್ತೆ ಬಿಲ್ಡಿಂಗ್ ಕೆಲಸಕ್ಕೆ ಹೋಗಿ ಸಿಮೆಂಟಿನ ಪುಟ್ಟಿ ಹೊರಬೇಕು. ಮೊಣಕಾಲು ಒಪ್ಪುವುದಿಲ್ಲ. ಆದ್ದರಿಂದ ದಿನಾ ವಿಭೂತಿ ಹಚ್ಚಿಕೊಳ್ಳುವಾಗ ದೇವರಲ್ಲಿ ಒಂದೇ ಬೇಡಿಕೆ: ಈ ಚಹಾದ ಒಲೆ ನನ್ನ ಕೈಯಲ್ಲೇ ಇರಲಿ.

ಹನ್ನೆರಡು ಬಿಟ್

ಒಂದು ದಿನ ಮೇಡಂ ಫೋನಿನಲ್ಲಿ, "ನಾಳೆ ಟೆಸ್ಟ್ ಐತ್ರಿ. ಈಗ ಹತ್ತು ಬಿಟ್ ಅದಾವ, ಹನ್ನೆರಡು ಆದ್ರ ಪಾಸ್" ಎಂದರು.

ನಮ್ಮೂರ ಸಾಲೆಯಲ್ಲಿ ಬಿಟ್ ಎಂದರೆ ಒಂದೇ ಅರ್ಥ. ಪರೀಕ್ಷೆಯಲ್ಲಿ ನೋಡಿ ಬರೆಯಲು ಅಂಗಿಯ ತೋಳಿನಲ್ಲಿ ಮಡಚಿಟ್ಟುಕೊಂಡ ಚೀಟಿ. ಇಷ್ಟು ಓದಿದವರಿಗೆ ಈ ಬುದ್ಧಿ ಯಾಕೆ ಬಂತೋ ಎಂದು ಮರುಗಿದೆ. ಸಂಜೆ ಅವರು ಹೋದ ಮೇಲೆ ಅವರ ಮೇಜಿಗೆ ಅಂಟಿಸಿದ್ದ ಹಳದಿ ಚೀಟಿಗಳನ್ನೆಲ್ಲ ಕಿತ್ತು ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಪಾಪ ತಟ್ಟಬಾರದು ನೋಡಿ.

ಮರುದಿನ ಆಫೀಸೆಲ್ಲ ಹುಡುಕಾಟ. ಕೊನೆಗೆ ನಾನೇ ಚೀಟಿ ತಂದುಕೊಟ್ಟು, ದನಿ ಇಳಿಸಿ ಕೇಳಿದೆ: "ಮೇಡಮ್ಮಾರ, ಸಾಹೇಬ್ರಿಗೆ ಗೊತ್ತಾದ್ರ ಹೆಂಗ್ರಿ?"

"ಏನು ಗೊತ್ತಾಗಬೇಕ್ರಿ ಕಾಕಾ?"

"ಅದಾ, ಬಿಟ್."

"ಹನ್ನೆರಡು ಮಾಡ್ರಿ ಅಂತ ಹೇಳಿದವ್ರ ಅವ್ರು."

ಅಂದಿನಿಂದ ಸಾಹೇಬರ ಮೇಲೂ ನನ್ನ ಕಣ್ಣು ಬಿತ್ತು.

ಹೆಬ್ಬೆರಳು

ನಾನು ಇಬ್ಬರನ್ನೂ ಓರೆಗಣ್ಣಿನಿಂದ ನೋಡುವುದನ್ನು ಕಂಡು ಮೇಡಂ ಒಂದು ದಿನ ಕೂರಿಸಿಕೊಂಡು ತಿಳಿಸಿ ಹೇಳಿದರು. ಸೆಕೆ, ತೂಕ, ಸಪ್ಪಳ ಇಂಥವನ್ನೆಲ್ಲ ಅಳೆದು ಅಂಕಿ ಮಾಡುವ ಚಿಪ್ ಅಂತೆ ಅದು. ಬಿಟ್ ಎಂದರೆ ತೂಗುವ ಕಲ್ಲಿದ್ದಂತೆ. ಹೆಚ್ಚಿದ್ದಷ್ಟೂ ತೂಕ ಸೂಕ್ಷ್ಮ.

"ಸಂತ್ಯಾಗ ಉಳ್ಳಾಗಡ್ಡಿ ತೂಗೂದು ನೋಡೀರಲ್ರಿ. ದೊಡ್ಡ ಕಲ್ಲು ಇಟ್ಟು ನೋಡ್ತಾರ, ಹೆಚ್ಚಾದ್ರ ತೆಗೀತಾರ. ಅದರ ಅರ್ಧದ್ದು ಇಡ್ತಾರ, ಮತ್ತ ಅದರ ಅರ್ಧದ್ದು. ಒಂದ ತಕ್ಕಡಿ ಸಾಕು, ಆದ್ರ ನಿಧಾನ. ಜಲ್ದಿ ಬೇಕಂದ್ರ ಒಂದೊಂದು ತೂಕಕ್ಕ ಒಂದೊಂದು ತಕ್ಕಡಿ ಸಾಲಾಗಿ ಇಡಬೇಕು. ಒಂದ ಸಲಕ್ಕ ಗೊತ್ತಾಕ್ಕೈತಿ, ಆದ್ರ ಅಂಗಡಿ ತುಂಬ ತಕ್ಕಡಿ. ಗಿರಾಕಿಗೆ ಜಲ್ದಿನೂ ಬೇಕು, ಸೂಕ್ಷ್ಮನೂ ಬೇಕು, ಸಣ್ಣ ಜಾಗಾದಾಗೂ ಕೂಡಬೇಕು."

"ನನ್ನ ತಂಗಿಗೆ ವರಾ ನೋಡೂಮುಂದ ನಮ್ಮಪ್ಪನೂ ಹಿಂಗ ಮೂರು ಕೇಳಿದ್ದರಿ" ಎಂದೆ. ಆದರೂ ತಕ್ಕಡಿ ಎಂದ ಮೇಲೆ ಸಂಶಯ ಬಿಡುತ್ತದೆಯೇ? "ತೂಗಾವ ಹೆಬ್ಬೆರಳು ಒತ್ತಿ ಹಿಡಿದ್ರ?"

"ಅದಕ್ಕ ನಾವು ಆಫ್‌ಸೆಟ್ ಅಂತೀವ್ರಿ."

ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ. ಹೆಣ್ಣುಮಕ್ಕಳ ಮುಂದೆ ಹೇಳುವಂಥದ್ದಲ್ಲ.

ಐತಿ ಮತ್ತು ಅದಾನ

ಒಂದು ಮುಂಜಾನೆ ಯಾರೋ ಬಂದು ನನ್ನ ಚಹಾದ ಮೂಲೆಯನ್ನು ಟೇಪ್ ಹಿಡಿದು ಅಳೆದು ಹೋದ. ಮಧ್ಯಾಹ್ನ ಟ್ರೇ ಹಿಡಿದು ಬಾಗಿಲಿಗೆ ಬಂದರೆ ಒಳಗೆ ಸಾಹೇಬರ ದನಿ: "ತಪ್ಪು ಮಾಡಂಗಿಲ್ಲ ಖರೇ. ಆದ್ರ ಭಾಳ ನಿಧಾನ ಐತಿ. ಮೂಲ್ಯಾಗ ಜಾಗಾನೂ ಭಾಳ ಹಿಡದೈತಿ."

ಮೇಡಂ ಅಂದರು: "ಹಳೇದ್ರಿ, ನಂಬಿಕಿದು. ತೆಗ್ಯಾಕ ಮನಸ್ಸಾಗವಲ್ದು."

"ಜಲ್ದಿ ಆಗಲಿಲ್ಲಂದ್ರ ತೆಗೀಬೇಕಾಕ್ಕೈತಿ."

ನನ್ನ ಮಾತೇ ಎಂದುಕೊಂಡು ಟ್ರೇ ಸಮೇತ ಹಿಂದೆ ಸರಿದೆ. ಒಂದು ಸಮಾಧಾನವಿತ್ತು: "ಐತಿ" ಅಂದರೇ ಹೊರತು "ಅದಾನ" ಅನ್ನಲಿಲ್ಲ. ಮನುಷ್ಯನ ಮಾತಾಗಿರಲಿಕ್ಕಿಲ್ಲ. ಮನೆಗೆ ಬಂದು ಹೆಂಡತಿಗೆ ಹೀಗೆಂದು ಹೇಳಿದೆ. ಅವಳು ಒಲೆಯ ಕಡೆ ತಿರುಗಿ ತನ್ನಷ್ಟಕ್ಕೆ, "ಇದು ಬಂತು ನೋಡು, ಕೈಕಾಲು ತೊಳೀದ ಒಳಗ ಬಂತು" ಎಂದಳು.

ಆ ಸಮಾಧಾನವೂ ಹೋಯಿತು.

ಜಲ್ದಿ ಚಹಾ

ನಾನೇ ಚುರುಕಾದರೆ ಆಯಿತಲ್ಲ ಎಂದುಕೊಂಡೆ. ಮರುದಿನ ಓಡಾಡಿಕೊಂಡೇ ಚಹಾ ಮಾಡಿದೆ. ಕುದಿಯುವ ಮೊದಲೇ ಸೋಸಿದೆ. ಸಕ್ಕರೆ ಕಾಯಿಲೆಯ ಸಾಹೇಬರಿಗೆ ಸಕ್ಕರೆಯದು ಹೋಯಿತು, ಮೇಡಂಗೆ ಸಪ್ಪನೆಯದು.

ಸಾಹೇಬರು ಒಂದು ಗುಟುಕು ಕುಡಿದು ಕಪ್ಪನ್ನೇ ನೋಡಿದರು. "ಕಾಕಾ, ಜಲ್ದಿ ಬಂತು. ಆದ್ರ ಏನು ಬಂತು?"

ಮೇಡಂ ನಕ್ಕರು: "ವೇಗ ಹೆಚ್ಚಾತು, ಬಿಟ್ ಕಡಿಮಿ ಆದ್ವು ಬಿಡ್ರಿ."

ಅವರು ನಕ್ಕದ್ದು ಇನ್ನೂ ಸಂಶಯ ತಂದಿತು. ಕೆಲಸದಿಂದ ತೆಗೆಯುವಾಗ ನಗುತ್ತಲೇ ತೆಗೆಯುತ್ತಾರಂತೆ.

ಇನ್ನೊಂದು

ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ. ಐದನೆಯ ದಿನ ಅದೇ ಬಾಗಿಲಲ್ಲಿ ಮತ್ತೆ ಸಾಹೇಬರ ದನಿ: "ತೆಗ್ಯೂದು ಬ್ಯಾಡ. ಇಂಥಾದ್ದ ಇನ್ನೊಂದು ಬಾಜೂಕ ಇಡೋಣು. ಇದು ಒಂದು ಮುಗಸೂತನಕ ಅದು ಮುಂದಿಂದು ಹಿಡೀಲಿ, ಪಾಳಿ ಮ್ಯಾಲ. ನಿಧಾನ ಇದ್ರೂ ಎರಡು ಕೂಡಿ ಜಲ್ದಿ ಆಕ್ಕಾವ. ಜಾಗಾ ಹಿಡಿತೈತಿ, ಹಿಡೀಲಿ."

ಬಾಗಿಲಿಗೇ ಕೈ ಮುಗಿದೆ. ದೇವರು ಕೇಳಿಸಿಕೊಂಡಿದ್ದ.

ನನ್ನ ಹೆಂಡತಿಯ ತಮ್ಮ ಬಾಜು ಖೋಲಿಯಲ್ಲೇ ಇದ್ದಾನೆ. ಬಿಲ್ಡಿಂಗ್ ಕೆಲಸದವ, ಪ್ರಾಮಾಣಿಕ, ನನಗಿಂತಲೂ ನಿಧಾನ. ಅವನು ಒಂದು ರೊಟ್ಟಿ ತಿನ್ನುವಷ್ಟರಲ್ಲಿ ಪಣಜಿಗೆ ಎರಡು ಬಸ್ ಹೋಗುತ್ತವೆ. ಮರುದಿನ ಇಬ್ಬರೂ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಹೋಗಿ ಸಾಹೇಬರ ಮುಂದೆ ನಿಂತೆವು.

"ಇವ್ರು ಯಾರ್ರಿ ಕಾಕಾ?"

"ಇನ್ನೊಂದು, ಸಾಹೇಬ್ರ."

"ಏನು ಇನ್ನೊಂದು?"

"ನನ್ನಂಥಾದ್ದ. ನಿಧಾನ, ಆದ್ರ ತಪ್ಪು ಮಾಡಂಗಿಲ್ಲ. ನಾನು ಒಂದು ಕಪ್ ಕೊಟ್ಟು ಬರೂತನಕ ಇವ ಮುಂದಿಂದು ಕುದಸ್ತಾನ. ಜಾಗಾ ಹಿಡಿತೈತಿ, ಹಿಡೀಲಿ ಅಂದಿದ್ರಿ."

ಮೊದಲು ತಿಳಿದದ್ದು ಮೇಡಂಗೆ. ಮೇಜಿಗೆ ತಲೆ ಹಚ್ಚಿ ಕಣ್ಣೀರು ಬರುವಂತೆ ನಕ್ಕರು. ಆಮೇಲೆ ಸಾಹೇಬರು. "ಕಾಕಾ, ನಾವಂದದ್ದು ಚಿಪ್‌ನಾಗಿನ ತಕ್ಕಡಿಗೆ. ನಿಮ್ಮನ್ನ ತೆಗ್ಯಾಕ ನಮಗೇನು ಹುಚ್ಚು ಹಿಡದೈತೇನ್ರಿ?"

"ಮತ್ತ ಮೂಲಿ ಅಳದಾವ?"

"ಫ್ರಿಜ್ ತರಸಾಕತ್ತೇವ್ರಿ, ನಿಮ್ಮ ಹಾಲು ಕೆಡಬಾರದಂತ."

ನನ್ನ ಮೊಣಕಾಲು ಹಗುರಾದವು. ನಾನೂ ನಕ್ಕೆ. ಎಲ್ಲರೂ ನಕ್ಕು ಮುಗಿಸಿದರು, ಮೇಡಂ ಕಣ್ಣೊರೆಸಿಕೊಂಡರು. ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ ಭಾವಮೈದುನ ಆಗ ಗಂಟಲು ಸರಿಮಾಡಿಕೊಂಡ.

"ಅದೆಲ್ಲಾ ಖರೇ ರೀ ಸಾಹೇಬ್ರ," ಎಂದ. "ನನ್ನ ಪಾಳಿ ಎಷ್ಟು ಗಂಟೇಕ?"