ಹುಳುಗಳನ್ನು ಮನೆಗೆ ಬಿಟ್ಟು ಬರುವ ಕೆಲಸ

ನಮ್ಮ ಸೋದರತ್ತೆಯ ಮನೆಯಲ್ಲಿ ಕೆಲಸಕ್ಕೆ ಸೇರುವುದಕ್ಕಿಂತ ಸರ್ಕಾರಿ ನೌಕರಿಗೆ ಸೇರುವುದು ಸುಲಭ! ಅಲ್ಲಿ ಪರೀಕ್ಷೆ ಒಂದೇ ಸಲ. ಇಲ್ಲಿ ದಿನಾ ಬೆಳಿಗ್ಗೆ ಪರೀಕ್ಷೆ.

ಹಳೇಬೀಡಿನ ಬಸದಿಯ ಹತ್ತಿರ ಅತ್ತೆಯದು ಒಂಟಿ ಬಾಳು. ಮೊಣಕಾಲು ಎಂದೋ ಕೈಕೊಟ್ಟಿತ್ತು. ಒಂದು ದಿನ ಹಿತ್ತಲ ಬಾವಿಕಟ್ಟೆಯಲ್ಲಿ ಜಾರಿಬಿದ್ದರು ನೋಡಿ, ಅರಸೀಕೆರೆ ಬಸ್‌ಸ್ಟ್ಯಾಂಡಿನೆದುರು ಅಂಗಡಿ ಇಟ್ಟುಕೊಂಡಿದ್ದ ನನ್ನ ನೆಮ್ಮದಿ ಅಂದೇ ಹೋಯಿತು. ಹಳೇಬೀಡು ಬಸ್ಸಿನಿಂದ ಇಳಿದವರು ನನ್ನ ಕಡೆ ನಡೆದುಬಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಪಾಪ, ಅವರು ಕೇಳುತ್ತಿದ್ದುದು ರೈಲ್ವೆ ಸ್ಟೇಷನ್ನಿಗೆ ದಾರಿ!

ಬಾವಿಗೆ ಹಲಗೆ ಹೊಡೆಸಿ, ಅಂಗಳಕ್ಕೆ ನಲ್ಲಿ ಹಾಕಿಸಿದೆ. ಜಾಣತನ ಮೆರೆದೆ ಅಂದುಕೊಂಡೆ. ಆದರೆ ನಾವು ಜೈನರು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಹುಳುಗಳನ್ನು, ಅವು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಬಿಡಬೇಕು. ಬಾವಿಯವಾದರೆ ಬಾವಿಗೆ. ನಲ್ಲಿಯವಾದರೆ?

"ನಲ್ಲಿಯೊಳಕ್ಕೆ ತುರುಕಲೇನೋ?" ಎಂದರು ಅತ್ತೆ.

"ಹಿತ್ತಲ ಬಾವಿಯ ಹಲಗೆ ಸಂದಿಯಲ್ಲಿ ಬಿಡಿ ಅತ್ತೆ."

"ಅವು ಆ ಬಾವಿಯವಲ್ಲ ಕಣೋ! ನಿನ್ನ ಯಾರದೋ ಮನೆಗೆ ಬಿಟ್ಟು ಬಂದ್ರೆ ಆದೀತಾ?"

ನಲ್ಲಿಗೆ ನೀರು ಬರುವುದು ಕೆರೆ ಏರಿಯ ಕೆಳಗಿನ ಬಾವಿಯಿಂದ ಎಂದು ಅತ್ತೆ ವಿಚಾರಿಸಿ ತಿಳಿದುಕೊಂಡರು. ಆ ಮೊಣಕಾಲಿನಲ್ಲಿ, ಬಟ್ಟೆ ಜಾಲಿಸಿದ ನೀರಿನ ಚೊಂಬು ಹಿಡಿದು, ಅಷ್ಟು ದೂರ ನಡೆಯತೊಡಗಿದರು! ನಾನು ಹೆದರಿ ಕೆಲಸದವಳನ್ನು ಹುಡುಕಿದೆ.

ಮೊದಲನೆಯವಳು ಬಟ್ಟೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಹಿಂಡಿದಳು. "ಅಯ್ಯಯ್ಯೋ, ಸಂಸಾರ ಸಮೇತ ಹೋದ್ವಲ್ಲೇ!" ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅವಳಿಗೆ ರಜಾ. ಎರಡನೆಯವಳು ಬಿಕ್ಕೋಡಿನವಳು, ಚುರುಕು. ಚೊಂಬು ಹಿಡಿದು ಹೋದಳು, ಬಂದೇಬಿಟ್ಟಳು.

"ಬಾವಿ ಹತ್ರ ಯಾರಿದ್ರೇ?"

"ಯಾರೂ ಇರ್ಲಿಲ್ಲ ಅಮ್ಮಾವ್ರೇ."

"ಬೆಳಗಿನ ಹೊತ್ತು ಬಾವಿ ಹತ್ರ ಯಾರೂ ಇಲ್ವಾ? ಊರೇನು ಗುಳೆ ಹೋಯ್ತಾ?" ಅವಳೂ ಫೇಲು!

ನನಗೆ ಸಾಕಾಯಿತು. "ಇನ್ನೊಬ್ಬಳನ್ನ ನೋಡ್ತೀನಿ. ಅವಳೂ ಸರಿಹೋಗದಿದ್ರೆ ಭಾನುವಾರ ನೀವು ಅರಸೀಕೆರೆಗೆ ಬಂದುಬಿಡಬೇಕು" ಎಂದೆ. ಅತ್ತೆ ವಾದ ಮಾಡಲಿಲ್ಲ. ಅತ್ತೆ ವಾದ ಮಾಡಲಿಲ್ಲ ಎಂದರೆ ಏನರ್ಥ? ನನಗೆ ಇನ್ನಷ್ಟು ಭಯವಾಯಿತು.

ಮೂರನೆಯವಳು ಹುಲಿಕೆರೆಯ ಹೆಂಗಸು. ಬಾಯಿಯೋ, ದೇವರೇ ಗತಿ! "ಅಮ್ಮಾವ್ರೇ" ಇಲ್ಲ, ಗಿಮ್ಮಾವ್ರೇ ಇಲ್ಲ, ಬಂದವಳೇ, "ಅಲ್ಲಾ ಅಜ್ಜಿ, ಕಾಣ್ದೇ ಇರೋ ಹುಳ ಐತೆ ಅಂತ ನಿಂಗ್ಯಾರು ಹೇಳಿದ್ರು?" ಎಂದಳು. ಇವಳೂ ಹೋದಳು ಎಂದುಕೊಂಡು, ಭಾನುವಾರಕ್ಕೆ ಜೀಪು ಗೊತ್ತುಮಾಡಿದೆ.

ಭಾನುವಾರ ಜೀಪಿನಲ್ಲಿ ಬಂದು ನೋಡಿದರೆ ಮನೆಗೆ ಬೀಗ! "ಬಾವಿ ಕಡೆ ಹೋದ್ರು ಕಣ್ರೀ" ಎಂದರು ಪಕ್ಕದ ಮನೆಯವರು. ಬಾವಿ! ಓಡಿದೆ, ಒಂದು ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಅತ್ತೆ ಬಾವಿಕಟ್ಟೆಯ ಕಲ್ಲಿನ ಮೇಲೆ ಕೂತಿದ್ದರು. ಹುಲಿಕೆರೆಯವಳು ಒಂದು ಕೈಯಲ್ಲಿ ಅವರ ಸೊಂಟ ಬಳಸಿ, ಇನ್ನೊಂದರಲ್ಲಿ ಚೊಂಬನ್ನು ಹಗ್ಗದಿಂದ ನೀರಿಗೆ ಇಳಿಬಿಡುತ್ತಿದ್ದಳು.

"ಮೆಲ್ಲಗೆ ಕಣೇ, ಅವಕ್ಕೆ ಪೆಟ್ಟಾಗುತ್ತೆ."

"ಗೊತ್ತು ಸುಮ್ಕಿರಜ್ಜಿ."

"ಇವರನ್ನ ಯಾಕೆ ಇಲ್ಲಿಗೆ ಕರ್ಕೊಂಡು ಬಂದೆ?" ನಾನು ಕೂಗಾಡಿದೆ.

"ನಾನೆಲ್ಲಿ ಕರೆದೆ ಸ್ವಾಮಿ? ಇವತ್ತು ಊರು ಬಿಡ್ಬೇಕಂತೆ. ಆ ಹುಳಕ್ಕೆಲ್ಲ ಹೇಳಿ ಬತ್ತೀನಿ ಅಂತು ಅಜ್ಜಿ. ಒಬ್ಳನ್ನೇ ಕಳ್ಸಾಕಾಯ್ತದಾ?"

ಅವಳು ಖಾಲಿ ಚೊಂಬನ್ನು ಮೇಲೆಳೆದು ಕಂಕುಳಲ್ಲಿ ಇರುಕಿಕೊಂಡಳು.

"ಏಳಜ್ಜಿ. ಅವು ಮನೆ ಸೇರ್ಕಂಡ್ವು. ಬಾ, ಈಗ ನಿನ್ನೂ ನಿನ್ನ ಮನೆಗೆ ಬಿಡ್ತೀನಿ."

ನನ್ನ ಕೈಯನ್ನು ಸಹ ಎಂದೂ ಹಿಡಿಯದಿದ್ದ ಅತ್ತೆ, ಮಗುವಿನಂತೆ ಅವಳತ್ತ ಕೈ ಚಾಚಿದರು. ನನಗೆ ಕಣ್ಣು ತುಂಬಿ ದಾರಿಯೇ ಕಾಣಲಿಲ್ಲ. ಆದರೂ ಅವರಿಗಿಂತ ಮುಂಚೆ ಓಡಿದೆ, ಅತ್ತೆ ಬಾಗಿಲಿಗೆ ಬರುವಷ್ಟರಲ್ಲಿ ಆ ಜೀಪು ಅಲ್ಲಿರಬಾರದಲ್ಲ!